ಹಳೇ ಸ್ಟೀರಿಯೊ ಅಂಗಡೀಲಿ ಬಿಟ್ಟು ಬರಬೇಡಿ

ಕಾರಿನ ಸಾಮಾನು, ಸ್ಟೀರಿಯೊ ಅಂಗಡಿಗಳು ತುಂಬಿರೋ ಜೆ.ಸಿ. ರೋಡ್ ಅಂದ್ರೆ ಹೆಂಗೆ ಅಂತ ಬೆಂಗಳೂರಲ್ಲಿ ಎಲ್ರಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಟೋಪಿ ಹಾಕಿಸ್ಕೊಂಡೆ, ಅದಕ್ಕೇ ಹೊಟ್ಟೆ ಉರೀತಿರೋದು.

ನಂದು 2015ರ ಮಾರುತಿ ಸಿಯಾಜ್ ಕಾರು. ಕಂಪನಿ ಫಿಟ್ಟಿಂಗ್ ಟಚ್ ಸ್ಕ್ರೀನು, ಎಸ್‌ಡಿ ಕಾರ್ಡಲ್ಲಿ ಮ್ಯಾಪು. ಹತ್ತು ವರ್ಷ ಬಿಸಿಲಲ್ಲಿ ನಿಂತ ಗಾಡಿ, ಸ್ಕ್ರೀನಿನ ಎಡಗಡೆ ಟಚ್ ಸತ್ತಿತ್ತು. ಅಷ್ಟೇ. ಹಾಡು, ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಬಟನ್ ಎಲ್ಲಾ ಸರಿ ಇತ್ತು. ಟಚ್ ಗ್ಲಾಸ್ ಒಂದು ಬದಲಾಯಿಸಿ ಕೊಡಪ್ಪಾ ಅಂತ ಅಲ್ಲಿ ಒಬ್ಬ ಅಂಗಡಿಯವನಿಗೆ ಅಂದೆ.

"ಬಿಚ್ಚಿ ನೋಡೋಣ ಸರ್, ನೀವು ಕಾಫಿ ಕುಡ್ಕೊಂಡು ಬನ್ನಿ" ಅಂದ. ಹೋದೆ ನೋಡಿ, ಅಲ್ಲೇ ಕೆಟ್ಟಿದ್ದು. ವಾಪಸ್ ಬಂದ್ರೆ ಡ್ಯಾಶ್‌ಬೋರ್ಡ್ ಬಾಯಿ ಬಿಟ್ಕೊಂಡಿದೆ, ವೈರುಗಳು ಕರುಳಿನ ಥರ ನೇತಾಡ್ತಿವೆ. "ಬೋರ್ಡೇ ಹೋಗಿದೆ ಸರ್, ರಿಪೇರಿ ಆಗೋ ಪೀಸಲ್ಲ ಇದು" ಅಂತ ಟಾರ್ಚ್ ಬಿಟ್ಟು ಏನೋ ತೋರಿಸಿದ. ಏನು ನೋಡಿದ್ನೋ ದೇವರಿಗೇ ಗೊತ್ತು, ತಲೆ ಆಡಿಸಿಬಿಟ್ಟೆ! ಅರ್ಧ ಗಂಟೆ ಮುಂಚೆ ಅದೇ ಸ್ಟೀರಿಯೊದಲ್ಲಿ ಹಾಡು ಕೇಳ್ಕೊಂಡು ಬಂದವನು ನಾನೇ.

18,500ಕ್ಕೆ ಆಂಡ್ರಾಯ್ಡ್ ಸ್ಟೀರಿಯೊ ಹಾಕಿದ. ಬಿಲ್ ಕೇಳಿದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಅಂದ, ದುಡ್ಡು ಉಳೀತಲ್ಲ ಅಂತ ಸುಮ್ಮನಾದೆ. ಹಳೇದು? "ಅದು ಗುಜರಿ ಸರ್, ಬೇಕಾದ್ರೆ 500 ಕಡಿಮೆ ಮಾಡ್ಕೊಡ್ತೀನಿ." ಹೊರಡೋವಾಗ ಇನ್ನೊಂದು ಮಾತು: "ಇಳಿಯೋವಾಗ ಬಟನ್ ಒತ್ತಿ ಸ್ಕ್ರೀನ್ ಆಫ್ ಮಾಡಿ, ಆಂಡ್ರಾಯ್ಡ್ ಹಂಗೇನೇ."

ಮೂರನೇ ದಿನ ಬೆಳಗ್ಗೆ ಗಾಡಿ ಸ್ಟಾರ್ಟೇ ಆಗ್ಲಿಲ್ಲ. ನಮ್ಮ ಏರಿಯಾ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ ನಕ್ಕುಬಿಟ್ಟ. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕಾದ ಕೆಂಪು ವೈರನ್ನ ಬ್ಯಾಟರಿಯಿಂದ ನೇರ ಬರೋ ಹಳದಿಗೇ ಸುತ್ತಿ ಟೇಪ್ ಹೊಡೆದಿದ್ದಾನೆ. ಸ್ಕ್ರೀನ್ ಆಫ್ ಮಾಡಿದ್ರೂ ರಾತ್ರಿಯೆಲ್ಲಾ ಒಳಗೆ ಓಡ್ತಾನೇ ಇತ್ತು. ಗಾಡಿ ವೈರುಗಳನ್ನ ಸ್ಟೀರಿಯೊಗೆ ಸಿಕ್ಕಿಸೋ ಕಂಪನಿ ಕಪ್ಲರ್ ಕತ್ತರಿಸಿ ಬಿಸಾಕಿದ್ದಾನೆ. ಸ್ಟೀರಿಂಗ್ ಬಟನ್ ಸತ್ತಿವೆ, ರಿವರ್ಸ್ ಹಾಕಿದ್ರೆ ಬರೀ ಗೆರೆ.

ಫೋನ್ ಮಾಡಿದೆ. "ಚೈನಾ ಮಾಲಲ್ವಾ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ." ಮತ್ತೆ ಮಾಡಿದೆ. "ಹೊರಗಡೆಯವ್ರು ಕೈ ಹಾಕಿದಾರೆ, ವಾರಂಟಿ ಇಲ್ಲ." ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿದ್ರೆ ಮೊದಲು ಕೇಳಿದ್ದೇ ಬಿಲ್ಲು. ಎಲ್ಲಿಂದ ತರಲಿ?

ಇದೆಲ್ಲಾ ಹಾಳಾಗಿ ಹೋಗ್ಲಿ. ಹೋದ ವಾರ ಸೆಕೆಂಡ್ ಹ್ಯಾಂಡ್ ಸಾಮಾನು ಮಾರೋ ಆ್ಯಪಲ್ಲಿ ನನ್ನ ಸ್ಟೀರಿಯೊ ಕಣ್ಣಿಗೆ ಬಿತ್ತು. ನನ್ನದೇ. ಬಲಗಡೆ ಮೂಲೇಲಿ ಆಯುಧಪೂಜೆಗೆ ಹಚ್ಚಿದ ಕುಂಕುಮ ಸಂದಿಗೆ ಇಳಿದು ಕಲೆ ಆಗಿತ್ತು, ಎಷ್ಟು ಒರೆಸಿದ್ರೂ ಹೋಗಿರ್ಲಿಲ್ಲ. ಫೋಟೋದಲ್ಲೂ ಹಂಗೇ ಇದೆ. ಮ್ಯಾಪ್ ಕಾರ್ಡ್ ಸಮೇತ 11,000. ಯಾರು ಅಂತ ಹೇಳದೆ ಟಚ್ ಹೆಂಗಿದೆ ಅಂತ ಮೆಸೇಜ್ ಹಾಕಿದೆ. "ಹೊಸ ಗ್ಲಾಸ್ ಹಾಕಿದೀವಿ ಸರ್, ಬೆಣ್ಣೆ ಥರ ಇದೆ. ಸಿಂಗಲ್ ಓನರ್ ಗಾಡೀದು."

ಕಾಫಿಗೆ ಹೋಗಬೇಡಿ. ಗಾಡಿ ಪಕ್ಕದಲ್ಲೇ ನಿಂತ್ಕೊಳ್ಳಿ. ಕಪ್ಲರ್ ಕತ್ತರಿಸೋಕೆ ಬಿಡಬೇಡಿ. ಬಿಲ್ ಬಿಡಬೇಡಿ. ಕೆಟ್ಟು ಕೂತಿದ್ರೂ ಹಳೇದನ್ನ ಮನೆಗೆ ತನ್ನಿ.

ನನ್ನ ಹೆಂಡತಿ ಕೇಳ್ತಾಳೆ, "ರೀ, 11,000 ಕೊಟ್ಟು ನಮ್ದನ್ನೇ ವಾಪಸ್ ತಗೊಂಡ್ರೆ ಆಗಲ್ವಾ?" ತಗೊಂಡ್ರೂ ಸಿಕ್ಕಿಸೋಕೆ ಕಪ್ಲರ್ ಎಲ್ಲಿದೆ?