ಗಡಿಯಾರದ ಮೂರು ಪಿಚ್ಚರ್, ನಮ್ಮ ಮನೆಯ ಐದು ಮಂದಿ

ಧಾರವಾಡದಾಗ ಮನೆ, ಹುಬ್ಬಳ್ಳಿಯಾಗ ನೌಕರಿ. ಹತ್ತಕ್ಕೆ ಹೆಬ್ಬೆಟ್ಟು ಒತ್ತದಿದ್ದರೆ ಅರ್ಧ ದಿನದ ರಜೆ ಹೋದಂತೆಯೇ. ದಿನಾ ಇಪ್ಪತ್ತು ಚಿಲ್ಲರೆ ಕಿಲೋಮೀಟರು ಚಿಗರಿ ಬಸ್ಸಿನಲ್ಲಿ ನಿಂತು ಹೋಗುವವನು ನಾನು. ಹಾಗಾಗಿ 'ಇಷ್ಟೊತ್ತಿನೊಳಗೆ ಮುಟ್ಟದಿದ್ದರೆ ಕೆಟ್ಟೆ' ಎನ್ನುವ ಜಾತಿಯ ಥ್ರಿಲ್ಲರುಗಳ ಬಗ್ಗೆ ಮಾತಾಡಲು ನನಗೆ ತುಸು ಹೆಚ್ಚೇ ಹಕ್ಕಿದೆ ಎಂದುಕೊಂಡಿದ್ದೇನೆ.

ಹೋದ ತಿಂಗಳು ಅಂಥದೇ ಒಂದು ಹೊಸ ಪಿಚ್ಚರಿನ ಮೇಲೆ ಮನೆಯಲ್ಲಿ ಜಗಳ ಬಿತ್ತು. ಅಣ್ಣನ ಮಗ, "ಕಾಕಾ, ಉಸಿರಾಡಾಕ ಬಿಡಲಿಲ್ಲ ನೋಡ್ರಿ" ಅಂದ. ಕೆಳಗಿನ ಮನೆಯ ಮಾಮಾ ಮೂವತ್ತು ವರ್ಷ ಲಾರಿ ಹೊಡೆದವರು. ಅದೇ ಟಾಕೀಸಿನಲ್ಲಿ, ಅದೇ ಆಟಕ್ಕೆ, ಇವನ ಪಕ್ಕದ ಕುರ್ಚಿಯಲ್ಲೇ ಗೊರಕೆ ಹೊಡೆದು ಬಂದಿದ್ದರು. ಇದೇನಿದು, ನೋಡೇ ಬಿಡೋಣ ಅಂತ ಮೂರು ಶನಿವಾರ ಮೂರು ಹಳೆಯ ಪಿಚ್ಚರ್ ಹಾಕಿದೆ. ನೋಡುವವರು ಐದು ಮಂದಿ: ಅವ್ವ, ನನ್ನ ಹೆಂಡತಿ, ಹುಡುಗ, ಮಾಮಾ, ನಾನು. ಶರತ್ತು ಎರಡೇ. ಮೊಬೈಲುಗಳು ಅಡುಗೆಮನೆಯಲ್ಲಿ ಇರಬೇಕು, ನಡುವೆ ನಿಲ್ಲಿಸುವಂತಿಲ್ಲ. ಗಿರಮಿಟ್ಟು, ಮಿರ್ಚಿ ಏನಿದ್ದರೂ ಶುರುವಿಗೆ ಮೊದಲೇ ಮುಗಿಯಬೇಕು. (ಕಥೆ ಬಿಚ್ಚದೆ ಇದನ್ನು ಬರೆಯಲು ಬರುವುದಿಲ್ಲ. ನೋಡದವರು ಇಲ್ಲೇ ಇಳಿದುಬಿಡಿ.)

ಮೊದಲನೆಯದು 1995ರ 'ನಿಕ್ ಆಫ್ ಟೈಮ್'. ಜಾನ್ ಬ್ಯಾಡಮ್ ನಿರ್ದೇಶನ, ಜಾನಿ ಡೆಪ್ ನಾಯಕ. ಒಬ್ಬ ಅಕೌಂಟೆಂಟ್ ಪುಟ್ಟ ಮಗಳೊಡನೆ ಲಾಸ್ ಏಂಜಲೀಸಿನ ರೈಲು ನಿಲ್ದಾಣದಲ್ಲಿ ಇಳಿಯುತ್ತಾನೆ. ಗುರುತಿಲ್ಲದ ಇಬ್ಬರು ಬಂದು ಮಗಳನ್ನು ಹಿಡಿದಿಟ್ಟುಕೊಂಡು, ಇವನ ಕೈಗೆ ಪಿಸ್ತೂಲು ಕೊಟ್ಟು, ಒಂದೂವರೆಯೊಳಗೆ ಗವರ್ನರಳನ್ನು ಮುಗಿಸು ಅನ್ನುತ್ತಾರೆ. ("ಗವರ್ನರ್‌ನ್ನ ಕೊಂದು ಏನ್ ಮಾಡ್ತಾರ?" ಅಂತ ಅವ್ವ ಕೇಳಿದಳು. ಅಲ್ಲಿಯ ಗವರ್ನರ್ ಚುನಾವಣೆ ಗೆದ್ದು ಬಂದವಳು, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಇದ್ದಂತೆ ಎಂದು ಹೇಳಬೇಕಾಯಿತು.) ಕಥೆ ನಡೆಯುವುದು ತೊಂಬತ್ತು ನಿಮಿಷ, ಪಿಚ್ಚರೂ ಹೆಚ್ಚುಕಡಿಮೆ ತೊಂಬತ್ತೇ ನಿಮಿಷ. ಹುಡುಗ ಗೋಡೆ ಗಡಿಯಾರ ನೋಡಿ ತಾಳೆ ಹಾಕುತ್ತಲೇ ಕೂತಿದ್ದ. "ಖರೇನ ಮೋಸ ಮಾಡಿಲ್ರಿ ಕಾಕಾ!" ಅಂತ ಖುಷಿಯೋ ಖುಷಿ.

ಮಾಮಾಗೆ ಮಾತ್ರ ಮೊದಲ ಇಪ್ಪತ್ತು ನಿಮಿಷದಲ್ಲೇ ಮುರಿದುಬಿತ್ತು. "ಅಲ್ಲ ತಮ್ಮಾ, ಗುಂಡು ಹೊಡಿಯೋ ಮಂದಿ ಊರ ತುಂಬ ಇರ್ತಾರ. ಲೆಕ್ಕ ಬರಿಯೋನ್ನ ತಂದು ಬಂದೂಕು ಕೊಟ್ಟರ ಕೆಲಸ ಆಕ್ಕೈತೇನು?" ನನ್ನ ಹೆಂಡತಿ ಹಂತಕರ ಪರವಾಗಿ ವಾದ ಮಾಡಿದಳು. ಯಾರಿಗೂ ಸಂಬಂಧವಿಲ್ಲದವನಾದರೆ ಕೇಸು ಇವರ ತನಕ ಬರುವುದಿಲ್ಲವಲ್ಲ! ಆದರೆ ಆ ಪ್ರಶ್ನೆ ಒಮ್ಮೆ ಕೋಣೆಯೊಳಗೆ ಬಂದ ಮೇಲೆ ಹೊರಗೆ ಹೋಗಲಿಲ್ಲ.

ನನ್ನ ತಕರಾರು ಬೇರೆ. ಈ ಪಿಚ್ಚರಿನಲ್ಲಿ ಎಲ್ಲಿ ನೋಡಿದರೂ ಗಡಿಯಾರ. ಗೋಡೆಯ ಮೇಲೆ ಅದೇ, ಕೈಗೆ ಕಟ್ಟಿದ್ದೂ ಅದೇ. ನಾನು ನಿಜವಾಗಿ ತಡವಾದ ದಿನ ಗಡಿಯಾರ ನೋಡುವುದೇ ಇಲ್ಲ. ಡ್ರೈವರನ ಬೆನ್ನು ನೋಡುತ್ತೇನೆ. ನವನಗರದಲ್ಲಿ ಬಸ್ಸಿನ ಬಾಗಿಲು ಮುಚ್ಚಿಕೊಳ್ಳುವಾಗ ಯಾವುದೋ ಅಜ್ಜಿಯ ಚೀಲದ ಕಿವಿ ಸಿಕ್ಕಿ, ಬಾಗಿಲು ಮತ್ತೆ ತೆರೆದು, ಅಜ್ಜಿ ನಿಧಾನಕ್ಕೆ ಚೀಲ ಬಿಡಿಸಿಕೊಂಡು, ಸೆರಗು ಸರಿಮಾಡಿಕೊಂಡು, ಇದು ಹೊಸೂರಿಗೆ ಹೋಗತೈತೇನು ಎಂದು ಕೇಳುತ್ತಾಳಲ್ಲ, ಆಗ ನನ್ನ ಹೊಟ್ಟೆಯಲ್ಲಿ ಆಗುವುದಿದೆಯಲ್ಲ, ಅದು ಸೆಕೆಂಡಿನ ಮುಳ್ಳು ತೋರಿಸಿದರೆ ಆಗುವುದಿಲ್ಲ. ಗಡಿಯಾರ ನೋಡಲು ಪುರಸೊತ್ತಿದೆ ಅಂದರೆ ಇನ್ನೂ ಟೈಮ್ ಇದೆ ಅಂತಲೇ ಅರ್ಥ.

ಎರಡನೇ ಶನಿವಾರ ಜರ್ಮನ್ ಪಿಚ್ಚರ್, ಟಾಮ್ ಟಿಕ್ವರನ 'ರನ್ ಲೋಲಾ ರನ್', 1998ರದ್ದು. ಪ್ರಿಯಕರ ಮಾನಿ ಬೇರೆಯವರ ಒಂದು ಲಕ್ಷ ಮಾರ್ಕು ಇದ್ದ ಚೀಲವನ್ನು ಮೆಟ್ರೋ ರೈಲಿನಲ್ಲಿ ಬಿಟ್ಟು ಇಳಿದಿದ್ದಾನೆ. ಹನ್ನೆರಡು ಗಂಟೆಗೆ ದುಡ್ಡು ಒಪ್ಪಿಸದಿದ್ದರೆ ಅವನ ಹೆಣ ಬೀಳುತ್ತದೆ. ಕೆಂಪು ಕೂದಲಿನ ಲೋಲಾಳ ಹತ್ತಿರ ಇರುವುದು ಇಪ್ಪತ್ತೇ ನಿಮಿಷ. ಓಡುತ್ತಾಳೆ. ಕೆಟ್ಟದಾಗಿ ಮುಗಿಯುತ್ತದೆ. ಮತ್ತೆ ಮೊದಲಿನಿಂದ ಓಡುತ್ತಾಳೆ. ಹೀಗೆ ಮೂರು ಸಲ, ಎಲ್ಲ ಸೇರಿ ಎಂಬತ್ತು ನಿಮಿಷ. ಮೆಟ್ಟಿಲ ಮೇಲಿನ ನಾಯಿ ಒಂದು ಕ್ಷಣ ಹೆಚ್ಚುಕಡಿಮೆ ಮಾಡಿದ್ದಕ್ಕೆ ಮುಂದಿನದೆಲ್ಲ ಬದಲಾಗುತ್ತದೆ.

ಮನೆ ಸರಿಯಾಗಿ ಹೋಳಾಗಿದ್ದು ಇದರಲ್ಲೇ. ಮಾಮಾ, "ಒಂದ ಲೋಡು ಮೂರು ಸಲ ಇಳಿಸಿದಂಗ ಆತು" ಎಂದು ಎದ್ದು ನೀರು ಕುಡಿಯಲು ಹೋದವರು ಹತ್ತು ನಿಮಿಷ ಬರಲಿಲ್ಲ. ಹುಡುಗನಿಗೆ, ಸತ್ತವರು ಎದ್ದು ಬರುವುದಾದರೆ ಹೆದರಿಕೆ ಎಲ್ಲಿಯದು ಎಂಬ ಸಿಟ್ಟು. ಅವನ ಮಾತು ತೆಗೆದುಹಾಕುವಂಥದ್ದಲ್ಲ, ಮೂರನೇ ಓಟದ ಹೊತ್ತಿಗೆ ನನಗೂ ಹೆದರಿಕೆ ಉಳಿದಿರಲಿಲ್ಲ. ಉಳಿದದ್ದು ಕುತೂಹಲ. ನನ್ನ ಹೆಂಡತಿ ಮಾತ್ರ ಕಣ್ಣು ಕೀಳಲಿಲ್ಲ. ಲೋಲಾ ದಾರಿಯಲ್ಲಿ ಯಾರಿಗೋ ಢಿಕ್ಕಿ ಹೊಡೆಯುತ್ತಾಳೆ. ಆ ವ್ಯಕ್ತಿಯ ಮುಂದಿನ ಬದುಕು ನಾಲ್ಕಾರು ಫೋಟೋಗಳಲ್ಲಿ ಪಟಪಟನೆ ಬಂದುಹೋಗುತ್ತದೆ. ಮುಂದಿನ ಸಲ ಅದೇ ವ್ಯಕ್ತಿಗೆ ಬೇರೆಯೇ ಬದುಕು. "ಓಡೋರಿಗಷ್ಟ ಅಲ್ಲ, ಬಾಜೂಕ ನಿಂತೋರಿಗೂ ಟೈಮ್ ಐತಿ ಅಂತ ತೋರಿಸ್ಯಾನ" ಅಂದಳು. ಅಂದು ರಾತ್ರಿ ನನಗೆ ಆ ಚೀಲದ ಅಜ್ಜಿ ನೆನಪಾದಳು. ಆಕೆ ಹೊಸೂರಿನಲ್ಲಿ ಇಳಿದು ಯಾವ ಬಸ್ ಹಿಡಿಯುವವಳಿದ್ದಳೋ, ನಾನು ಯೋಚಿಸಿಯೇ ಇರಲಿಲ್ಲ.

ಮೂರನೆಯದು ತಮಿಳಿನ 'ಕೈದಿ', 2019ರದ್ದು, ಲೋಕೇಶ್ ಕನಕರಾಜ್ ನಿರ್ದೇಶನ. ಒಂದೇ ರಾತ್ರಿಯ ಕಥೆ. ಹಾಡಿಲ್ಲ, ನಾಯಕಿಯಿಲ್ಲ. ಔತಣದಲ್ಲಿ ಯಾರೋ ಏನೋ ಬೆರೆಸಿ ಪೊಲೀಸ್ ಅಧಿಕಾರಿಗಳೆಲ್ಲ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ. ಎಚ್ಚರವಿರುವ ಒಬ್ಬ ಅಧಿಕಾರಿಗೆ ಕೈ ಪೆಟ್ಟಾಗಿದೆ, ಗಾಡಿ ಹೊಡೆಯಲು ಬರುವುದಿಲ್ಲ. ಇರುವುದು ಅಡುಗೆ ಕಾಂಟ್ರಾಕ್ಟರನ ಒಂದು ಲಾರಿ, ಹೊಡೆಯಲು ಸಿಕ್ಕಿದವನು ಹತ್ತು ವರ್ಷ ಜೈಲಿನಲ್ಲಿದ್ದು ಅಂದೇ ಹೊರಬಿದ್ದ ದಿಲ್ಲಿ. ಇವನಿಗೆ ಬೆಳಗಾಗುವುದರೊಳಗೆ ಅನಾಥಾಶ್ರಮದಲ್ಲಿರುವ ಮಗಳನ್ನು ನೋಡಬೇಕು. ಅವಳ ಮುಖ ಇವನು ಕಂಡೇ ಇಲ್ಲ. ಅತ್ತ ಕಮಿಷನರ್ ಕಚೇರಿಯಲ್ಲಿ ಅಂದೇ ಬದಲಿಯಾಗಿ ಬಂದ ಒಬ್ಬ ವಯಸ್ಸಾದ ಕಾನ್‌ಸ್ಟೇಬಲ್ಲು, ಜೊತೆಗೆ ಕೆಲವು ಕಾಲೇಜು ಹುಡುಗರು, ಹೊರಗೆ ರೌಡಿಗಳ ದಂಡು.

ಲಾರಿ ಸ್ಟಾರ್ಟ್ ಆಯಿತು ನೋಡಿ, ಮಾಮಾ ಕಾಲು ಮಡಚಿ ನೆಟ್ಟಗೆ ಕೂತರು. ಅವರ ಬಲಗಾಲು ಚಾಪೆಯ ಮೇಲೆ ತಾನಾಗಿ ಬ್ರೇಕ್ ಒತ್ತುತ್ತಿತ್ತು. ನಾನು ತೆರೆ ಬಿಟ್ಟು ಸ್ವಲ್ಪ ಹೊತ್ತು ಆ ಕಾಲನ್ನೇ ನೋಡಿದೆ. "ಹಿಂದ ಮಂದಿ ಮಲಗಸ್ಯಾನ, ತಿರುವಿನ್ಯಾಗ ಹಂಗ ಹೊಡೀಬಾರದು" ಎಂದು ಒಮ್ಮೆ ಬೈದರು. ತಮಿಳು ಒಂದಕ್ಷರ ಬರದ ಅವ್ವನಿಗೆ ಹುಡುಗ ಅರ್ಥ ಹೇಳುತ್ತಿದ್ದ. ಅವಳಿಗೆ ರೌಡಿಗಳೂ ಬೇಕಿರಲಿಲ್ಲ, ಪೊಲೀಸರೂ ಬೇಕಿರಲಿಲ್ಲ. "ಆ ಕೂಸು ನಿದ್ದಿಗೆಟ್ಟು ಕುಂತೈತಿ. ಅಪ್ಪ ಮುಟ್ಟತಾನೋ ಇಲ್ಲೋ, ಅಷ್ಟ ಹೇಳು." ಇಲ್ಲಿ ಯಾರೂ ಪದೇಪದೇ ಗಡಿಯಾರ ತೋರಿಸುವುದಿಲ್ಲ. ಕತ್ತಲ ದಾರಿ ಮುಗಿಯುತ್ತಿಲ್ಲ, ಹಿಂದೆ ಮಲಗಿದವರು ಅಲುಗಾಡುತ್ತಿಲ್ಲ, ಅಷ್ಟೇ ಸಾಕಾಗುತ್ತದೆ.

ಆದರೆ ಕಡೆಯ ಭಾಗಕ್ಕೆ ಇದೂ ಹಳಿ ತಪ್ಪಿತು ಅನ್ನುವವನು ನಾನು. ಹೊಡೆದಾಟದ ಮೇಲೆ ಹೊಡೆದಾಟ ಬಂದು, ಇರಿತ ತಿಂದವನು ಮತ್ತೆ ಮತ್ತೆ ಎದ್ದು, ಕೊನೆಗೆ ದೊಡ್ಡ ಮಷೀನ್ ಗನ್ ಹೊರಬಿದ್ದಾಗ ಹೊತ್ತಿನ ಲೆಕ್ಕ ಯಾರಿಗೂ ಬೇಡವಾಗಿರುತ್ತದೆ. ಇದನ್ನು ಹೇಳಿದ್ದಕ್ಕೆ ಮಾಮಾ ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. "ಹಂಗಾದ್ರ ನಿಷ್ಕರ್ಷ ನೋಡು, ನಮ್ಮ ಬಿ.ಸಿ. ಪಾಟೀಲರದು. ಅದರಾಗೂ ಹಾಡಿಲ್ಲ" ಎಂದು ಸವಾಲು ಹಾಕಿದ್ದಾರೆ. 1993ರ ಆ ಪಿಚ್ಚರಿನಲ್ಲಿ ವಿಷ್ಣುವರ್ಧನ್, ಅನಂತನಾಗ್ ಇಬ್ಬರ ಎದುರು ಖಳನಾಗಿ ನಿಂತ ಪಾಟೀಲರು ಮುಂದೆ ಹಿರೇಕೆರೂರಿನ ಶಾಸಕರಾದವರು. ಮಾಮಾನ ಹೆಂಡತಿಯ ತವರು ಅದೇ ತಾಲೂಕು, ಹಾಗಾಗಿ ಅವರ ಆಯ್ಕೆಯಲ್ಲಿ ಎಷ್ಟು ಸಿನಿಮಾ ಇದೆ, ಎಷ್ಟು ಬೀಗತನ ಇದೆ ಎಂದು ನಾನು ಕೇಳಲು ಹೋಗಲಿಲ್ಲ.

ಓಟು ಹಾಕಿದೆವು. ಅವ್ವ, ಮಾಮಾ 'ಕೈದಿ'ಗೆ. ಹುಡುಗ 'ನಿಕ್ ಆಫ್ ಟೈಮ್'ಗೆ, ನಿಮಿಷಕ್ಕೆ ನಿಮಿಷ ತಾಳೆಯಾಯಿತಲ್ಲ ಅಂತ. ನನ್ನ ಹೆಂಡತಿ ಲೋಲಾಗೆ. ನನಗೆ ಲಾರಿಯ ಮೊದಲ ಮುಕ್ಕಾಲು ಗಂಟೆಯಷ್ಟು ಎದೆ ಹಿಡಿದದ್ದು ಇನ್ನೊಂದಿಲ್ಲ, ಆದರೂ ಇಡೀ ಪಿಚ್ಚರಿನ ಲೆಕ್ಕಕ್ಕೆ ಲೋಲಾಗೇ ಹಾಕಿದೆ. ಎರಡು, ಎರಡು, ಒಂದು. ಜಗಳ ಇದ್ದಲ್ಲೇ ಇದೆ.

ಮನೆಯವರೆಲ್ಲ ಕೂಡಿ ನೋಡುವುದಾದರೆ 'ಕೈದಿ' ಹಾಕಿ, ನಡುವೆ ಚಹಾಕ್ಕೆ ನಿಲ್ಲಿಸಿದರೂ ಅದು ತಡೆದುಕೊಳ್ಳುತ್ತದೆ. ಉಳಿದೆರಡನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ಸತ್ತವು. ಲೋಲಾಳನ್ನು ಒಬ್ಬರೇ ನೋಡಿ, ಇಲ್ಲವೇ ಬೇಸರಪಡದ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

'ಕೈದಿ'ಗೆ ಓಟು ಹಾಕಿದ ಅವ್ವ ಮೊನ್ನೆ ಮೆಂತ್ಯಸೊಪ್ಪು ಬಿಡಿಸುತ್ತ ಕೂತವಳು ಒಮ್ಮೆಲೇ ಕೇಳಿದಳು: "ಲೇ, ಆ ಕೆಂಪು ಕೂದಲಿನ ಹುಡುಗಿ ಮೂರು ಸಲ ಓಡಿದ್ಲಲ್ಲ, ಖರೆ ಓಡಿದ್ದು ಯಾವುದು?"