ಕಲರ್‌ಟ್ಯೂನ್ ಗಾಜಿನ ಪ್ಲಗ್: ಪದ್ಮಿನಿಲಿ ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಇದು ಅವಶ್ಯಕ ವಸ್ತು ಅಲ್ಲ. ಮಾಮೂಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ಜಾಗಕ್ಕೆ ಹಾಕೋ ಗಾಜಿನ ತಲೆಯ ಪ್ಲಗ್ ಇದು, ಇಂಜಿನ್ ಸ್ಟಾರ್ಟ್ ಮಾಡಿದ್ರೆ ಒಳಗೆ ಪೆಟ್ರೋಲ್ ಉರಿಯೋ ಬಣ್ಣ ಕಾಣುತ್ತೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರೋ ಭಾವಮೈದನ ಕೈಲಿ ತರಿಸ್ಕೊಂಡೆ, ಎಲ್ಲಾ ಸೇರಿ 6,500 ರೂಪಾಯಿ ಹತ್ರ ಬಿತ್ತು. ಮನೇಲಿ ಇವತ್ತಿಗೂ ಪೂರ್ತಿ ರೇಟ್ ಹೇಳಿಲ್ಲ.

ಗಾಡಿ ಅಪ್ಪನ ಪ್ರೀಮಿಯರ್ ಪದ್ಮಿನಿ, ಸ್ಟೇರಿಂಗ್ ಪಕ್ಕ ಗೇರ್ ಇರೋದು. ಅದರ ಐಡ್ಲಿಂಗ್ (ಗಾಡಿ ನಿಂತಲ್ಲೇ ಇಂಜಿನ್ ಓಡೋದು) ಕಾಟ ಶುರುವಾಗಿ ಒಂದೂವರೆ ವರ್ಷ ಆಗಿತ್ತು. ಸಿಗ್ನಲ್‌ನಲ್ಲಿ ನಿಂತ್ರೆ ಗಾಡಿ ಎಷ್ಟು ಕುಣಿಯೋದು ಅಂದ್ರೆ ಕನ್ನಡಿಯಲ್ಲಿ ಹಿಂದಿನ ಆಟೋ ಎರಡೆರಡು ಕಾಣೋದು. ಪ್ಲಗ್ ಬಿಚ್ಚಿದ್ರೆ ನಾಲ್ಕೂ ಕಾಡಿಗೆ ಡಬ್ಬಿ. ಭಾನುವಾರ ಬೆಳಗ್ಗೆ ಕಾಫಿ ಲೋಟ ಫೆಂಡರ್ ಮೇಲೆ ಇಟ್ಕೊಂಡು ವೈರ್ ಬ್ರಷ್‌ನಲ್ಲಿ ಒಂದೊಂದೇ ಉಜ್ಜಿ, ಪೆಟ್ರೋಲಲ್ಲಿ ತೊಳೆದು, ಫೀಲರ್ ಗೇಜಲ್ಲಿ 0.6 ಎಂಎಂ ಗ್ಯಾಪ್ ನೋಡಿ ಹಾಕಿದ್ರೆ ಬುಧವಾರದವರೆಗೆ ಸುಖ, ಗುರುವಾರ ಮತ್ತೆ ಅದೇ ಡೊಗ ಡೊಗ.

ಒಬ್ಬ ಮೆಕ್ಯಾನಿಕ್ ಸ್ಪಾರ್ಕ್ ಕಡೆಯ ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದ್ರು. ಇನ್ನೊಬ್ರು ಕಾಯಿಲ್. ಮೂರನೆಯವ್ರು ಗಾಡಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಸಾರ್, ರಿಂಗ್ ಹೋಗಿದೆ, ಇಂಜಿನ್ ಇಳಿಸ್ಬೇಕು" ಅಂದ್ಬಿಟ್ರು. ಅಲ್ಲೇ ನಂಗೆ ಅನುಮಾನ. ಪಿಸ್ಟನ್ ರಿಂಗ್ ಹೋಗಿ ಆಯಿಲ್ ಮೇಲೆ ಬರ್ತಿದ್ರೆ ಪ್ಲಗ್ ಒದ್ದೆಯಾಗಿ, ಜಿಡ್ಡಾಗಿ, ಹೊಳೀಬೇಕು. ನಂದು ಒಣ ಮಸಿ, ಬೆರಳಿಗೆ ಹತ್ತಿದ್ರೆ ದೀಪದ ಕಪ್ಪು ಥರ. ಒಂದು ಪ್ಲಗ್ ಮಾತ್ರ ಹಾಗಿದ್ರೆ ಆ ಸಿಲಿಂಡರ್ ಕಥೆ, ನಾಲ್ಕೂ ಒಂದೇ ಥರ ಅಂದ್ರೆ ನಾಲ್ಕಕ್ಕೂ ಸೇರಿದ ಕಡೆ ತಪ್ಪಿರ್ಬೇಕು, ಒಂದೋ ಸ್ಪಾರ್ಕ್ ವೀಕು ಇಲ್ಲಾ ಪೆಟ್ರೋಲ್ ಜಾಸ್ತಿ. ಸ್ಪಾರ್ಕ್ ಕಡೆದೆಲ್ಲಾ ಹೊಸದೇ ಹಾಕಾಗಿತ್ತಲ್ಲ. ಹಾಟ್ ಪ್ಲಗ್ (ತುದಿ ಜಾಸ್ತಿ ಬಿಸಿಯಾಗೋ ಥರದ್ದು) ಹಾಕ್ಸಿ ಅನ್ನೋ ಸಲಹೆನೂ ಬಂತು, ಹಾಕಿದ್ರೆ ಮಸಿ ಸುಟ್ಟು ಹೋಗ್ತಿತ್ತೇನೋ, ಆದ್ರೆ ಜಾಸ್ತಿ ಬರ್ತಿರೋ ಪೆಟ್ರೋಲ್ ಬರ್ತಾನೇ ಇರ್ತಿತ್ತು.

ಅಂಥ ಹೊತ್ತಲ್ಲಿ ಈ ಗಾಜಿನ ಪ್ಲಗ್ ಬಂತು. ಮೊದಲನೇ ಸಂಜೆ ಮರೆಯೋಕಾಗಲ್ಲ. ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಒಂದನೇ ಸಿಲಿಂಡರ್ ಪ್ಲಗ್ ತೆಗೆದು ಇದನ್ನ ಕೈಯಲ್ಲೇ ತಿರುಗಿಸಿ ಕೂರಿಸ್ದೆ (ಪ್ಲಗ್ ಕೂರೋ ಇಂಜಿನ್ ಹೆಡ್ ಅಲ್ಯೂಮಿನಿಯಂದು, ಸ್ಪ್ಯಾನರ್ ಹಾಕಿ ಮೊದಲೇ ಬಲ ಬಿಟ್ರೆ ಥ್ರೆಡ್ ಗೋವಿಂದ). ಕತ್ತಲಾಗ್ಲಿ ಅಂತ ಕಾದು ಸ್ಟಾರ್ಟ್ ಮಾಡಿದ್ರೆ ಗಾಜಿನೊಳಗೆ ಹಳದಿ, ಥೇಟ್ ಸೀಮೆಎಣ್ಣೆ ಬುಡ್ಡಿ. ನಾನು, ತಂಗಿ ಮಗ, ಎದುರು ಮನೆ ಅಂಕಲ್, ಮೂರೂ ಜನ ಬಗ್ಗಿ ನೋಡ್ತಾ ನಿಂತ್ವಿ. ಒಳಗಿಂದ ನಮ್ಮನೆಯವ್ರು "ಊಟ ಆರಿಹೋಗ್ತಿದೆ" ಅಂತ ಎರಡು ಸಲ ಕೂಗಿದ್ರು, ಯಾರು ಕೇಳ್ತಾರೆ.

ಲೆಕ್ಕ ಸುಲಭ. ಗ್ಯಾಸ್ ಸ್ಟವ್ ಥರ ನೀಲಿ ಬಂದ್ರೆ ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ಸರಿ, ಹಳದಿ ಅಂದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ತೆಳ್ಳಗಾಗಿ ಮಿಸ್ ಹೊಡೆದ್ರೆ ಕಮ್ಮಿ. ಸರಿ, ಆ ಮಿಶ್ರಣ ಮಾಡೋ ಸೋಲೆಕ್ಸ್ ಕಾರ್ಬೊರೇಟರ್‌ನ ಮಿಕ್ಸ್ಚರ್ ಸ್ಕ್ರೂ ಒಳಗೆ ತಿರುಗಿಸ್ತಾ ಹೋದೆ. ಹಳದಿ. ಇನ್ನೂ ತಿರುಗಿಸ್ದೆ. ಹಳದಿ. ಪೂರ್ತಿ ಮುಚ್ಚಿದ್ರೂ ಹಳದಿನೇ, ಇಂಜಿನ್ನೂ ಆಫ್ ಆಗ್ಲಿಲ್ಲ! ಅಂದ್ರೆ ಐಡ್ಲಿಂಗ್ ದಾರಿ ಬಂದ್ ಆದ್ರೂ ಬೇರೆ ಎಲ್ಲಿಂದಲೋ ಪೆಟ್ರೋಲ್ ಬರ್ತಿದೆ.

ಇಲ್ಲಿ ನಂಗೆ ಈ ವಸ್ತು ಮೇಲೆ ಸ್ವಲ್ಪ ಬೇಜಾರೂ ಬಂತು. ಇದು ಬಣ್ಣ ತೋರಿಸುತ್ತೆ ಅಷ್ಟೇ, ಕಾರಣ ಹೇಳಲ್ಲ. ಒಂದು ಸಲಕ್ಕೆ ಒಂದೇ ಸಿಲಿಂಡರ್, ಹಾಕ್ಕೊಂಡು ಗಾಡಿ ಓಡಿಸೋಹಾಗಿಲ್ಲ, ಹಗಲಲ್ಲಿ ನೋಡ್ಬೇಕಂದ್ರೆ ಜೊತೆಗೆ ಕೊಟ್ಟಿರೋ ಕನ್ನಡಿ ಕೊಳವೆಯಲ್ಲಿ ಇಣುಕಬೇಕು, ನಂದರಂಥ ಗಾಡಿಲಿ ಗಾಜಿಗೂ ಬೇಗ ಮಸಿ ಕಟ್ಟುತ್ತೆ. ಇಷ್ಟು ದುಡ್ಡು ಹಾಕಿ ಹಳದಿ ದೀಪ ನೋಡ್ಕೊಂಡು ಕೂತೆನಾ ಅನ್ನಿಸ್ತು.

ಮುಂದಿನ ವಾರ ಫ್ಲೋಟ್ ನೀಡಲ್ (ಕಾರ್ಬೊರೇಟರ್‌ಗೆ ಬರೋ ಪೆಟ್ರೋಲ್ ತಡೆಯೋ ಸೂಜಿ) ಬಿಚ್ಚಿ ನೋಡ್ದೆ, ಸರಿಯಾಗಿತ್ತು. ಏರ್ ಫಿಲ್ಟರ್ ತೆಗೆದಿಟ್ಟು ನೋಡ್ದೆ, ಏನೂ ವ್ಯತ್ಯಾಸ ಇಲ್ಲ. ಆಮೇಲೆ ಸಂಜೆ ಮತ್ತೆ ಗಾಜು ಹಾಕ್ಕೊಂಡು ನಿಂತಿದ್ದಾಗ ತಂಗಿ ಮಗ ಕಾರ್ಬೊರೇಟರ್ ಪಕ್ಕದ ಚೋಕ್ ಲಿವರ್ ತೋರಿಸಿ "ಮಾಮ, ಇದು ಅಲ್ಲಾಡುತ್ತಲ್ಲ" ಅಂತ ಬೆರಳಲ್ಲಿ ತಳ್ಳಿದ. ಟಕ್ ಅಂತ ನೀಲಿ! ಬಿಟ್ಟ, ಹಳದಿ. ತಳ್ಳಿದ, ನೀಲಿ. ಡ್ಯಾಶ್‌ಬೋರ್ಡಲ್ಲಿ ಚೋಕ್ ನಾಬ್ ಪೂರ್ತಿ ಒಳಗೇ ಇತ್ತು ಕಣ್ರಿ, ಆದ್ರೆ ಕೇಬಲ್ ಹೊರಕವಚ ಕ್ಲಾಂಪಲ್ಲಿ ಜಾರಿ ಲಿವರ್ ಎರಡು ಮೂರು ಎಂಎಂ ಹಿಂದೆಯೇ ನಿಂತುಬಿಟ್ಟಿತ್ತು. ಈ ಸೋಲೆಕ್ಸಲ್ಲಿ ಚೋಕ್ ಅಂದ್ರೆ ಗಾಳಿ ಮುಚ್ಚೋ ತಗಡಲ್ಲ, ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋಕೆ ಬೇರೆ ದಾರಿಲಿ ಪೆಟ್ರೋಲ್ ಬಿಡೋ ಬಿಲ್ಲೆ. ಅದು ಪೂರ್ತಿ ಮುಚ್ಚದೇ ಇದ್ರೆ ಮೇಲಿಂದ ಏರ್ ಫಿಲ್ಟರ್ ತೆಗೆದು ನೋಡಿದ್ರೂ ಏನೂ ಕಾಣಲ್ಲ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ, ಹಾಗಾಯ್ತು. ಬೆಂಗಳೂರಿನ ಜೆ.ಸಿ. ರೋಡಿಂದ ಹೊಸ ಕೇಬಲ್ ತರಿಸಿ ಹಾಕ್ದೆ, 180 ರೂಪಾಯಿ.

ನ್ಯಾಯವಾಗಿ ಹೇಳ್ಬೇಕಂದ್ರೆ ನನ್ನ ತಪ್ಪೂ ಅರ್ಧ. ನಮ್ಮ ಗಾಡಿ ಓಡೋದೇ ಹಾಲಿನ ಬೂತು, ದೇವಸ್ಥಾನ, ವಾಪಸ್ ಮನೆ, ಎರಡು ಕಿಲೋಮೀಟರ್. ಪ್ಲಗ್ ತುದಿ 450 ಡಿಗ್ರಿ ದಾಟಿದ್ರೆ ತಾನೇ ಮಸಿ ಸುಟ್ಕೊಳ್ಳೋದು, ಅಷ್ಟು ಬಿಸಿಯಾಗೋಕೆ ನಾನು ಬಿಟ್ರೆ ತಾನೆ. ಈಗ ಹದಿನೈದು ದಿನಕ್ಕೊಂದ್ಸಲ ನಂಜನಗೂಡಿಗೆ ಹೋಗಿ ಬರ್ತೀನಿ, ಪ್ಲಗ್ ಕಾಫಿ ಪುಡಿ ಬಣ್ಣಕ್ಕೆ ಬಂದಿದೆ.

ಗಾಜಿನ ಪ್ಲಗ್ ಈಗ ಹಳೇ ಬನಿಯನ್‌ನಲ್ಲಿ ಸುತ್ತಿ ಬೀರುವಿನಲ್ಲಿದೆ. ಆರು ತಿಂಗಳಿಂದ ಕೆಲಸಕ್ಕೆ ಬೇಕಾಗಿಲ್ಲ. ಆದ್ರೂ ಕರೆಂಟ್ ಹೋದ ಸಂಜೆ ಎದುರು ಮನೆ ಅಂಕಲ್ ಗೇಟ್ ಹತ್ರ ಬಂದು "ಏನ್ರೀ, ಇವತ್ತು ನೀಲಿ ನೋಡೋಣ್ವಾ?" ಅಂತಾರೆ, ನಾನು ಸ್ಪ್ಯಾನರ್ ತಗೊಂಡು ಹೊರಡ್ತೀನಿ.