ಸೋನೋಮೀಟರ್ ವಿಮರ್ಶೆ: ಪೆಟ್ಟಿಗೆ ಚೆನ್ನಾಗಿದೆ, ರಾಟೆ ಬಿಗಿಯಾಗಿದೆ

ಪ್ರಥಮ ಪಿಯುಸಿ ಭೌತಶಾಸ್ತ್ರದ ಪ್ರಯೋಗಗಳಿಗಾಗಿ ನಮ್ಮ ಕಾಲೇಜು ತರಿಸಿಕೊಂಡ ಸೋನೋಮೀಟರ್ (ಬಿಗಿದ ತಂತಿಯ ಕಂಪನವನ್ನು ಅಳೆಯುವ ಉಪಕರಣ) ಕುರಿತು, ಇಂಥದ್ದನ್ನೇ ಕೊಳ್ಳಲು ಹೊರಟಿರುವ ಅಧ್ಯಾಪಕರಿಗೆ ನೆರವಾಗಲೆಂದು ಬರೆಯುತ್ತಿದ್ದೇನೆ. ಒಂದು ಮೀಟರಿಗಿಂತ ತುಸು ಉದ್ದನೆಯ ಟೊಳ್ಳು ಮರದ ಪೆಟ್ಟಿಗೆ, ಅದರ ಮೇಲೆ ಉಕ್ಕಿನ ತಂತಿ, ತಂತಿಯನ್ನು ಎತ್ತಿ ಹಿಡಿಯುವ, ಸರಿಸಬಹುದಾದ ಎರಡು ಬ್ರಿಡ್ಜ್, ತುದಿಯಲ್ಲಿ ರಾಟೆ, ಭಾರ ತೂಗಿಬಿಡುವ ಹ್ಯಾಂಗರ್ ಮತ್ತು ಅರ್ಧ ಕಿಲೋದ ಬಿಲ್ಲೆಗಳು ಇದರಲ್ಲಿವೆ.

ಪೆಟ್ಟಿಗೆಯ ಬಗ್ಗೆ ದೂರಿಲ್ಲ. ತೆಳ್ಳನೆಯ ತಂತಿ ತಾನಾಗಿಯೇ ಗಾಳಿಯನ್ನು ಹೆಚ್ಚು ಕದಲಿಸಲಾರದು. ಅದರ ಕಂಪನ ಬ್ರಿಡ್ಜ್‌ಗಳ ಮೂಲಕ ಹಲಗೆಗೆ ಇಳಿದಾಗಲೇ ಹಿಂದಿನ ಬೆಂಚಿಗೂ ಕೇಳುತ್ತದೆ. ಇಲ್ಲಿ ಮೇಲಿನ ಹಲಗೆ ತೆಳುವಾಗಿದೆ, ಕೀಲುಗಳು ಭದ್ರವಾಗಿವೆ.

ಉಪಕರಣದ ನಿಜವಾದ ಪರೀಕ್ಷೆ ಇರುವುದು ಅಳತೆಯಲ್ಲಿ. ತಂತಿಯ ಆವೃತ್ತಿಯು (ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬುದು) ಅದರ ಉದ್ದಕ್ಕೆ ವಿಲೋಮವಾಗಿಯೂ ತನ್ಯತೆಯ, ಅಂದರೆ ಎಳೆತದ, ವರ್ಗಮೂಲಕ್ಕೆ ಅನುಪಾತವಾಗಿಯೂ ಇರುತ್ತದೆಂಬ ನಿಯಮವನ್ನು ಫ್ರಾನ್ಸಿನ ಮರ್ಸೆನ್ 1636ರಲ್ಲೇ ಪ್ರಕಟಿಸಿದ್ದ. ನಮಗೆ ಬಂದ ತಂತಿಯ ವ್ಯಾಸ 0.5 ಮಿ.ಮೀ.; 4 ಕಿಲೋ ಭಾರ ತೂಗಿಬಿಟ್ಟರೆ ಅದರಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 160 ಮೀಟರ್ ಆಗುತ್ತದೆ. ಹಾಗಾಗಿ 256 ಹರ್ಟ್ಸ್ ಶ್ರುತಿಕವೆಗೆ (ಟ್ಯೂನಿಂಗ್ ಫೋರ್ಕ್) ಸುಮಾರು 31 ಸೆಂ.ಮೀ. ಉದ್ದದ ತಂತಿ ಅನುರಣಿಸಬೇಕು, ಅಂದರೆ ಕವೆಯ ಕಂಪನಕ್ಕೆ ತಾನೂ ಜೋರಾಗಿ ಕಂಪಿಸಬೇಕು; 512ಕ್ಕೆ ಅದರ ಅರ್ಧ ಸಾಕು. ಮಡಿಸಿದ ಕಾಗದದ ಚೂರೊಂದನ್ನು ತಂತಿಯ ನಡುಮಧ್ಯದಲ್ಲಿ ಕೂರಿಸಿ, ಶ್ರುತಿಕವೆಯ ಹಿಡಿಯನ್ನು ಪೆಟ್ಟಿಗೆಗೆ ಒತ್ತಿ, ಬ್ರಿಡ್ಜನ್ನು ಕೂದಲೆಳೆಯಷ್ಟು ಸರಿಸುತ್ತ ಹೋದರೆ, ಅದುವರೆಗೆ ಸುಮ್ಮನಿದ್ದ ಕಾಗದ ನಡುಗತೊಡಗಿ ಒಮ್ಮೆಲೇ ಹಾರಿ ಬೀಳುತ್ತದೆ. ಅನುರಣನೆಯನ್ನು ಮಕ್ಕಳು ಕಣ್ಣಾರೆ ಕಾಣುವ ಇಂಥ ಪ್ರಯೋಗ ಪಠ್ಯದಲ್ಲಿ ಹೆಚ್ಚಿಲ್ಲ. ಈ ಪೆಟ್ಟಿಗೆಯಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ.

ಕೊರತೆ ಇರುವುದು ರಾಟೆಯಲ್ಲಿ. ತಂತಿಯ ತನ್ಯತೆ ತೂಗುವ ಭಾರಕ್ಕೆ ಸಮವೆಂದು ನಾವು ಬರೆದುಕೊಳ್ಳುವುದು ರಾಟೆಯಲ್ಲಿ ಘರ್ಷಣೆ ಇಲ್ಲವೆಂಬ ನಂಬಿಕೆಯ ಮೇಲೆ. ಹ್ಯಾಂಗರನ್ನು ಸ್ವಲ್ಪ ಎತ್ತಿ ಮೆಲ್ಲಗೆ ಇಳಿಬಿಟ್ಟು ಒಮ್ಮೆ, ಕೆಳಗೆ ಒತ್ತಿ ಬಿಟ್ಟು ಇನ್ನೊಮ್ಮೆ ಅನುರಣಿಸುವ ಉದ್ದವನ್ನು ಅಳೆದರೆ ಎರಡೂ ಉದ್ದಗಳು ಒಂದೇ ಬರಬೇಕು. ಘರ್ಷಣೆ ಭಾರದ ನೂರಕ್ಕೆ 5ರಷ್ಟಿದ್ದರೂ 256ರ ಕವೆಗೆ ಮೊದಲನೆಯದು 30.4, ಎರಡನೆಯದು 31.9 ಸೆಂ.ಮೀ. ಆಗಿಬಿಡುತ್ತದೆ; ನಮ್ಮಲ್ಲಿ ಕಂಡ ಅಂತರವೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೇಲೆ ಅಂತರ ತಗ್ಗಿತಾದರೂ ಪೂರ್ತಿ ಹೋಗಲಿಲ್ಲ. ಲೆಕ್ಕ ತಪ್ಪಿದ್ದು ತನ್ನಿಂದಲೇ ಎಂದು ವಿದ್ಯಾರ್ಥಿ ಕೊರಗುವಂತೆ ಮಾಡುವ ಈ ದೋಷವನ್ನು ತಯಾರಕರು ಒಂದು ಸಣ್ಣ ಬಾಲ್ ಬೇರಿಂಗ್ ಹಾಕಿ ನೀಗಿಸಬಹುದಿತ್ತು.

ಬ್ರಿಡ್ಜ್‌ಗಳ ಅಂಚೂ ಇನ್ನಷ್ಟು ಹರಿತವಾಗಿರಬೇಕಿತ್ತು. ತಂಬೂರಿಯಲ್ಲಿ ಕುದುರೆ ಅಗಲವಾಗಿದ್ದು, ಅದರ ಮೇಲೆ ಜೀವಾಳಿಯ ದಾರವಿಟ್ಟು ತಂತಿ ಮೈಯನ್ನು ಸವರುವಂತೆ ಮಾಡುವುದರಿಂದಲೇ ಆ ತುಂಬು ನಾದ ಹುಟ್ಟುತ್ತದೆ. ಮೀಟಿದ ಜಾಗದಿಂದಾಗಿ ಕೇಳಿಸಲೇಬಾರದ ಉಪಸ್ವರಗಳೂ (ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಸ್ವರಗಳು) ತಂಬೂರಿ, ವೀಣೆಗಳಲ್ಲಿ ಕೇಳಿಬರುವುದನ್ನು ಸಿ. ವಿ. ರಾಮನ್ 1921ರ ಪ್ರಬಂಧದಲ್ಲಿ ತೋರಿಸಿಕೊಟ್ಟಿದ್ದಾರೆ. ಆದರೆ ಸೋನೋಮೀಟರಿನಲ್ಲಿ ತಂತಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದು ಖಚಿತವಾಗಿರಬೇಕು. ನಮ್ಮ ಬ್ರಿಡ್ಜ್‌ಗಳ ನೆತ್ತಿ ಉರುಟಾಗಿರುವುದರಿಂದ ಅಳತೆಪಟ್ಟಿಯನ್ನು ಎಲ್ಲಿಂದ ಹಿಡಿಯಬೇಕೆಂಬ ಗೊಂದಲ ಉಳಿದೇ ಇದೆ.

ಬಿಲ್ಲೆಗಳ ತೂಕ ಸರಿಯಾಗಿದೆ. ಕೊಟ್ಟ ಬೆಲೆಗೆ ಮೋಸವಿಲ್ಲ, ಆದರೆ ರಾಟೆಯನ್ನು ಬೆರಳಿನಿಂದ ತಿರುಗಿಸಿ ನೋಡದೆ ಯಾರೂ ಕೊಳ್ಳಬಾರದು. ತಂತಿಯಲ್ಲಿ ವಿದ್ಯುತ್ ಹರಿಸಿ, ಅದನ್ನು ಲಾಳದ ಅಯಸ್ಕಾಂತದ ನಡುವೆ ಇಟ್ಟು ವಿದ್ಯುತ್ತಿನ 50 ಹರ್ಟ್ಸ್ ಆವೃತ್ತಿಯನ್ನು ಅಳೆಯುವ ಪ್ರಯೋಗವನ್ನೂ ಮಾಡಿಸುವವರು ಹಿತ್ತಾಳೆ ತಂತಿಯನ್ನು ಬೇರೆಯಾಗಿ ತರಿಸಿಕೊಳ್ಳಬೇಕು; ಉಕ್ಕಿನ ತಂತಿಯನ್ನು ಆ ಅಯಸ್ಕಾಂತ ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ, ಜೊತೆಗೆ ಬಂದಿರುವ ತಂತಿ ಆ ಕೆಲಸಕ್ಕೆ ಒದಗುವುದಿಲ್ಲ.